ಜಾಮೀನೇ ತೀರ್ಪಾದಾಗ: ಯುಎಪಿಎ ಗೊಂದಲದ ಒಳಗಣ ಲೆಕ್ಕ

2026ರ ಜನವರಿ 5ರಂದು ಸುಪ್ರೀಂ ಕೋರ್ಟ್‌ನ ದ್ವಿಸದಸ್ಯ ಪೀಠವು ದೆಹಲಿ ಗಲಭೆಯ ಸಂಚಿನ ಪ್ರಕರಣದಲ್ಲಿ ಏಳು ಆರೋಪಿಗಳ ಜಾಮೀನು ಅರ್ಜಿಗಳನ್ನು ಒಟ್ಟಿಗೆ ಇತ್ಯರ್ಥಪಡಿಸಿತು. ಐವರಿಗೆ ಜಾಮೀನು ಸಿಕ್ಕಿತು. ಉಮರ್ ಖಾಲಿದ್ ಮತ್ತು ಶರ್ಜೀಲ್ ಇಮಾಮ್ ಅವರಿಗೆ ಸಿಗಲಿಲ್ಲ. ಎಲ್ಲರ ಮೇಲೂ ಇದ್ದದ್ದು ಒಂದೇ ಎಫ್‌ಐಆರ್, ಒಂದೇ ಕಾಯ್ದೆ. ಎಲ್ಲರೂ 2020ರಲ್ಲೇ ಬಂಧಿತರಾದವರು, ಯಾರ ವಿಚಾರಣೆಯೂ ಅಲ್ಲಿಯವರೆಗೆ ಆರಂಭವಾಗಿರಲಿಲ್ಲ. ಹೀಗಿರುವಾಗ ಐವರು ಹೊರಗೆ, ಇಬ್ಬರು ಒಳಗೆ ಎಂಬುದು ಹೇಗೆ ಸಾಧ್ಯ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಭಯೋತ್ಪಾದನೆಯ ಆರೋಪ ಹೊತ್ತವರಿಗೆ ಜಾಮೀನು ಕೊಟ್ಟದ್ದೇ ತಪ್ಪು ಎಂದು ಒಂದು ಪಕ್ಷ ಹೇಳಿದರೆ, ಐದು ವರ್ಷ ವಿಚಾರಣೆಯಿಲ್ಲದೆ ಇಟ್ಟದ್ದೇ ತಪ್ಪು ಎಂದು ಇನ್ನೊಂದು ಪಕ್ಷ ಹೇಳಿತು. ಆದರೆ ಈ ತೀರ್ಪು ಹೀಗೇಕೆ ಬಂತು ಎಂಬುದು ತಿಳಿಯಬೇಕಾದರೆ ಈ ಏಳು ಮಂದಿಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆ, ಅಂದರೆ ಯುಎಪಿಎ, ಜಾಮೀನಿನ ವಿಷಯದಲ್ಲಿ ನ್ಯಾಯಾಧೀಶರಿಗೆ ಏನನ್ನು ಕೇಳುತ್ತದೆ ಮತ್ತು ಏನನ್ನು ಕೇಳುವುದೇ ಇಲ್ಲ ಎಂಬುದನ್ನು ನೋಡಬೇಕು.

ಒಂದು ಕಾಯ್ದೆ ಹೋಗಿ ಇನ್ನೊಂದು ಬಂದ ಕಥೆ

ಯುಎಪಿಎ 1967ರಲ್ಲಿ ಜಾರಿಗೆ ಬಂದಾಗ ಅದರಲ್ಲಿ ಭಯೋತ್ಪಾದನೆ ಎಂಬ ಅಪರಾಧವೇ ಇರಲಿಲ್ಲ. ದೇಶದ ಅಖಂಡತೆಯನ್ನು ಪ್ರಶ್ನಿಸುವ ಸಂಘಟನೆಗಳನ್ನು ನಿಷೇಧಿಸುವುದಷ್ಟೇ ಅದರ ಕೆಲಸವಾಗಿತ್ತು. ಭಯೋತ್ಪಾದನೆಗೆಂದೇ ಪ್ರತ್ಯೇಕ ಕಾಯ್ದೆ ಬಂದದ್ದು ಪಂಜಾಬ್ ಹೊತ್ತಿ ಉರಿಯುತ್ತಿದ್ದ 1985ರಲ್ಲಿ. ಟಾಡಾ ಎಂದು ಹೆಸರಾದ ಆ ಕಾಯ್ದೆಯಡಿ ಪೊಲೀಸ್ ಅಧಿಕಾರಿಯ ಎದುರು ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿತ್ತು, ಜಾಮೀನು ದುರ್ಲಭವಾಗಿತ್ತು. 1994ರ ಹೊತ್ತಿಗೆ ದೇಶದಾದ್ಯಂತ 76,000ಕ್ಕೂ ಹೆಚ್ಚು ಮಂದಿ ಅದರಡಿ ಬಂಧಿತರಾಗಿದ್ದರು. ಶಿಕ್ಷೆಯಾದವರ ಪಾಲು ತೀರಾ ಕಡಿಮೆ. 1994ರ ಕರ್ತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಟಾಡಾ ಸಂವಿಧಾನಬದ್ಧವೆಂದು ಎತ್ತಿಹಿಡಿದರೂ, ಮರುವರ್ಷ ಕಾಯ್ದೆಯ ಅವಧಿ ಮುಗಿಯುವ ಮೊದಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಅವರು ಇದನ್ನು ನವೀಕರಿಸಬೇಡಿ ಎಂದು ಸಂಸದರಿಗೆ ಪತ್ರ ಬರೆದರು. 1995ರ ಮೇ ತಿಂಗಳಲ್ಲಿ ಟಾಡಾ ಮುಗಿಯಿತು.

ಕನ್ನಡದ ಓದುಗರಿಗೆ ಟಾಡಾ ದೂರದ ಪಂಜಾಬಿನ ಸಂಗತಿಯಲ್ಲ. ವೀರಪ್ಪನ್ ಬೇಟೆಯ ಕಾಲದಲ್ಲಿ ಕಾಡಂಚಿನ ಹಳ್ಳಿಗಳಿಂದ ಹಿಡಿದು ತಂದ ನೂರಕ್ಕೂ ಹೆಚ್ಚು ಮಂದಿ ಇದೇ ಕಾಯ್ದೆಯಡಿ ಮೈಸೂರಿನ ಜೈಲಿನಲ್ಲಿ ವರ್ಷಗಟ್ಟಲೆ ಇದ್ದರು. 2000ದಲ್ಲಿ ನಟ ರಾಜಕುಮಾರ್ ಅಪಹರಣವಾದಾಗ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಈ ಕೈದಿಗಳ ಬಿಡುಗಡೆಯೂ ಒಂದು. ಸರ್ಕಾರ ಟಾಡಾ ಆರೋಪಗಳನ್ನು ಕೈಬಿಡಲು ಹೊರಟಾಗ, 1992ರಲ್ಲಿ ವೀರಪ್ಪನ್ ತಂಡದ ಗುಂಡಿಗೆ ಬಲಿಯಾದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ ಅದನ್ನು ತಡೆದರು. ಅವರ ನಿಲುವು ನ್ಯಾಯವಾದದ್ದೇ ಆಗಿತ್ತು: ಬಂದೂಕಿನ ಬೆದರಿಕೆಗೆ ಮಣಿದು ಮೊಕದ್ದಮೆ ಕೈಬಿಡುವುದಲ್ಲ, ನ್ಯಾಯಾಲಯವೇ ತೀರ್ಮಾನಿಸಲಿ. ನ್ಯಾಯಾಲಯ 2001ರಲ್ಲಿ ತೀರ್ಮಾನಿಸಿದಾಗ ಆ ಕೈದಿಗಳಲ್ಲಿ ಹೆಚ್ಚಿನವರು ಖುಲಾಸೆಯಾದರು. ಅಪರಾಧಿಗಳೂ ಆ ಗುಂಪಿನಲ್ಲಿದ್ದರು, ಅವರಿಗೆ ಶಿಕ್ಷೆಯೂ ಆಯಿತು. ಆದರೆ ಯಾರು ಅಪರಾಧಿ, ಯಾರು ಅಲ್ಲ ಎಂಬುದು ಗೊತ್ತಾಗುವ ಹೊತ್ತಿಗೆ ಇಬ್ಬರೂ ಸರಿಸುಮಾರು ಒಂದೇ ಅವಧಿಯ ಸೆರೆವಾಸ ಮುಗಿಸಿದ್ದರು. ವೀರಪ್ಪನ್ ಬೇಟೆಗೆ ಇಳಿದಿದ್ದ ವಿಶೇಷ ಕಾರ್ಯಪಡೆಯ ದೌರ್ಜನ್ಯಗಳ ದೂರುಗಳನ್ನು ಪರಿಶೀಲಿಸಲು ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯ ವರದಿಯ ನಂತರ ಹಲವು ಸಂತ್ರಸ್ತರಿಗೆ ಪರಿಹಾರವೂ ದೊರೆಯಿತು. ಇಂದಿನ ಯುಎಪಿಎ ಚರ್ಚೆಯ ಎಲ್ಲ ಎಳೆಗಳೂ, ಹುತಾತ್ಮನ ತಂದೆಯ ದುಃಖವನ್ನೂ ಸೇರಿಸಿ, ಮೈಸೂರಿನ ಆ ಒಂದು ಪ್ರಕರಣದಲ್ಲೇ ಇದ್ದವು.

ಸಂಸತ್ತಿನ ಮೇಲಿನ ದಾಳಿಯ ನಂತರ 2002ರಲ್ಲಿ ಪೋಟಾ ಎಂಬ ಭಯೋತ್ಪಾದನೆ ತಡೆ ಕಾಯ್ದೆ ಬಂತು. ದುರ್ಬಳಕೆಯ ದೂರುಗಳ ನಡುವೆ 2004ರಲ್ಲಿ ರದ್ದಾಯಿತು. ರದ್ದಾಯಿತು ಎನ್ನುವುದು ಅರ್ಧ ಸತ್ಯ ಮಾತ್ರ. ಅದೇ ಹೊತ್ತಿಗೆ ಪೋಟಾದ ಭಯೋತ್ಪಾದನೆ ಕುರಿತ ಭಾಗಗಳನ್ನು ಯುಎಪಿಎಗೆ ಸೇರಿಸಲಾಯಿತು. ಟಾಡಾ ಮತ್ತು ಪೋಟಾಗಳಿಗೆ ಕಾಲಮಿತಿ ಇತ್ತು. ಅವಧಿ ಮುಗಿದಾಗ ಸಂಸತ್ತು ಮತ್ತೆ ಕುಳಿತು ಇದು ಬೇಕೇ ಬೇಡವೇ ಎಂದು ಯೋಚಿಸಲೇಬೇಕಿತ್ತು. ಯುಎಪಿಎ ಕಾಯಂ ಕಾಯ್ದೆ. ತುರ್ತು ಕಾಲಕ್ಕೆಂದು ತಂದ ಕಠಿಣ ನಿಯಮಗಳು ಕಾಯಂ ಕಾಯ್ದೆಯೊಳಗೆ ಸೇರಿಕೊಂಡಾಗ, ಅವುಗಳ ಅಗತ್ಯವನ್ನು ನಿಯತವಾಗಿ ಪ್ರಶ್ನಿಸುವ ಅವಕಾಶವೇ ತಪ್ಪಿಹೋಯಿತು. ಇದು ಅಂದು ಹೆಚ್ಚು ಜನರ ಗಮನಕ್ಕೆ ಬಾರದ ಬದಲಾವಣೆ. ಮುಂಬೈ ದಾಳಿಯ ಬೆನ್ನಲ್ಲೇ 2008ರ ಡಿಸೆಂಬರಿನಲ್ಲಿ ರಾಷ್ಟ್ರೀಯ ತನಿಖಾ ದಳದ (ಎನ್‌ಐಎ) ಸ್ಥಾಪನೆಯ ಜೊತೆಗೆ ಯುಎಪಿಎಗೆ 43ಡಿ ಎಂಬ ಕಲಮು ಸೇರಿತು. 2019ರ ತಿದ್ದುಪಡಿಯ ನಂತರ ಸಂಘಟನೆಗಳನ್ನಷ್ಟೇ ಅಲ್ಲ, ವ್ಯಕ್ತಿಗಳನ್ನೂ ಭಯೋತ್ಪಾದಕರೆಂದು ಸರ್ಕಾರ ಘೋಷಿಸಬಹುದು. ಆದರೆ ಜೈಲಿನಲ್ಲಿರುವವನ ಬದುಕಿನ ಮೇಲೆ ಅತಿ ಹೆಚ್ಚು ಪರಿಣಾಮ ಬೀರಿದ್ದು 43ಡಿ.

43ಡಿ(5) ಕೇಳುವ ಪ್ರಶ್ನೆ, ಕೇಳದ ಪ್ರಶ್ನೆ

ಸಾಮಾನ್ಯ ಅಪರಾಧದಲ್ಲಿ ಜಾಮೀನು ಕೇಳಿದಾಗ ನ್ಯಾಯಾಧೀಶರು ಮುಖ್ಯವಾಗಿ ಮೂರು ಸಂಗತಿ ನೋಡುತ್ತಾರೆ. ಆರೋಪಿ ಓಡಿಹೋಗುತ್ತಾನೆಯೇ, ಸಾಕ್ಷಿಗಳನ್ನು ಹೆದರಿಸುತ್ತಾನೆಯೇ, ಮತ್ತೆ ಅಪರಾಧ ಮಾಡುತ್ತಾನೆಯೇ? ಮೂರೂ ಮುಂದೆ ಆಗಬಹುದಾದ ಅಪಾಯದ ಪ್ರಶ್ನೆಗಳು. 43ಡಿಯ 5ನೇ ಉಪಕಲಮು ಇವುಗಳ ಮುಂದೆ ಇನ್ನೊಂದು ಬಾಗಿಲನ್ನು ನಿಲ್ಲಿಸುತ್ತದೆ. ಕೇಸ್ ಡೈರಿಯನ್ನೋ ದೋಷಾರೋಪ ಪಟ್ಟಿಯನ್ನೋ ಓದಿದಾಗ ಆರೋಪವು ಮೇಲ್ನೋಟಕ್ಕೆ ನಿಜವೆಂದು ನಂಬಲು ಸಕಾರಣಗಳಿವೆ ಎಂದು ನ್ಯಾಯಾಲಯಕ್ಕೆ ಅನಿಸಿದರೆ ಜಾಮೀನು ಕೊಡುವಂತಿಲ್ಲ.

ಈ ವಾಕ್ಯವನ್ನು ನಿಧಾನವಾಗಿ ಓದಬೇಕು. ಕೇಸ್ ಡೈರಿ ಬರೆದವರು ಪೊಲೀಸರು, ದೋಷಾರೋಪ ಪಟ್ಟಿ ತಯಾರಿಸಿದವರೂ ಪೊಲೀಸರೇ. ಈ ಹಂತದಲ್ಲಿ ಸಾಕ್ಷಿಗಳ ಪಾಟೀ ಸವಾಲು ನಡೆದಿರುವುದಿಲ್ಲ, ಆರೋಪಿ ತನ್ನ ಪರವಾದ ದಾಖಲೆಗಳನ್ನು ಮುಂದಿಡುವ ಹಂತವೂ ಬಂದಿರುವುದಿಲ್ಲ. ಒಬ್ಬರೇ ಬರೆದ ಕಡತವನ್ನು ಓದಿ ಅದು ನಿಜದಂತೆ ಕಾಣುತ್ತದೆಯೇ ಎಂದು ಕೇಳಿದರೆ, ಸಾಮಾನ್ಯ ಬುದ್ಧಿಯ ತನಿಖಾಧಿಕಾರಿ ಬರೆದ ಯಾವ ಕಡತ ತಾನೆ ಸುಳ್ಳಿನಂತೆ ಕಂಡೀತು? ಮೇಲ್ನೋಟಕ್ಕೆ ಎಂಬ ಪದ ಹಗುರವಾದ ಪರೀಕ್ಷೆಯನ್ನು ಸೂಚಿಸುತ್ತದೆ. ಆದರೆ ಹಗುರವಾಗಿರುವುದು ಪ್ರಾಸಿಕ್ಯೂಷನ್ ಹೊರಬೇಕಾದ ಹೊರೆ ಮಾತ್ರ.

ಇನ್ನೂ ಮುಖ್ಯವಾದದ್ದು ಈ ಕಲಮು ಕೇಳದೆ ಬಿಟ್ಟಿರುವ ಪ್ರಶ್ನೆ. ಆರೋಪಿಯು ಹೊರಬಂದರೆ ಸಮಾಜಕ್ಕೆ ಅಪಾಯವೇ ಎಂದು ಅದು ಕೇಳುವುದಿಲ್ಲ. ಹೀಗಾಗಿ ಕಡತ ದಪ್ಪವಾಗಿದ್ದರೆ ಕೈಕಾಲು ನಡುಗುವ ವೃದ್ಧನೂ ಒಳಗೇ ಉಳಿಯುತ್ತಾನೆ. ಕಡತ ತೆಳುವಾಗಿದ್ದರೆ ನಿಜಕ್ಕೂ ಅಪಾಯಕಾರಿಯಾದವನು ಮೊದಲ ಬಾಗಿಲನ್ನು ಸುಲಭವಾಗಿ ದಾಟುತ್ತಾನೆ. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2020ರ ಅಕ್ಟೋಬರಿನಲ್ಲಿ ಬಂಧಿತರಾದ ಪಾದ್ರಿ ಸ್ಟ್ಯಾನ್ ಸ್ವಾಮಿ ಪಾರ್ಕಿನ್ಸನ್ ರೋಗಿಯಾಗಿದ್ದರು. ಹಿಂದೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಅವರು, 2021ರ ಜುಲೈ 5ರಂದು 84ನೇ ವಯಸ್ಸಿನಲ್ಲಿ, ಜಾಮೀನು ಅರ್ಜಿ ಹೈಕೋರ್ಟಿನ ಮುಂದಿರುವಾಗಲೇ, ಕಸ್ಟಡಿಯಲ್ಲಿದ್ದಂತೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಮೇಲಿನ ಆರೋಪ ನಿಜವೋ ಸುಳ್ಳೋ ಎಂಬುದನ್ನು ತೀರ್ಮಾನಿಸುವ ವಿಚಾರಣೆ ಅವರ ಪಾಲಿಗೆ ನಡೆಯಲೇ ಇಲ್ಲ.

ಇದೇ ಕಲಮಿನ 2ನೇ ಉಪಕಲಮು ತನಿಖೆಯ ಅವಧಿಯನ್ನೂ ಹಿಗ್ಗಿಸುತ್ತದೆ. ಪೊಲೀಸ್ ಕಸ್ಟಡಿ 30 ದಿನಗಳವರೆಗೆ ಇರಬಹುದು. ದೋಷಾರೋಪ ಪಟ್ಟಿ ಸಲ್ಲಿಸಲು ನ್ಯಾಯಾಲಯದ ಅನುಮತಿ ಪಡೆದರೆ 180 ದಿನ ಸಿಗುತ್ತದೆ. ಈ ಅನುಮತಿ ಬರೀ ವಿಧಿಪಾಲನೆಯಾದರೆ ಏನಾಗುತ್ತದೆ ಎಂಬುದನ್ನು 2020ರ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಹಿಂಸಾಚಾರದ ಪ್ರಕರಣ ತೋರಿಸಿತು. ಆರೋಪಿಗಳ ಅಹವಾಲು ಕೇಳದೆಯೇ ಅವಧಿ ವಿಸ್ತರಿಸಿದ್ದರಿಂದ, 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ 115 ಆರೋಪಿಗಳಿಗೆ ಡೀಫಾಲ್ಟ್ ಜಾಮೀನು, ಅಂದರೆ ದೋಷಾರೋಪ ಪಟ್ಟಿ ಅವಧಿಯೊಳಗೆ ಬಾರದಿದ್ದಾಗ ಹಕ್ಕಾಗಿ ಸಿಗುವ ಜಾಮೀನು, ಕೊಟ್ಟಿತು. ಪೊಲೀಸ್ ಠಾಣೆಗಳಿಗೇ ಬೆಂಕಿ ಹಚ್ಚಿದ ಪ್ರಕರಣವದು. ಕೋರ್ಟು ಕಲ್ಲು ತೂರಿದವರನ್ನು ಬಿಟ್ಟಿತು ಎಂದು ಅಂದು ಟೀಕೆ ಬಂತು. ನಿಜದಲ್ಲಿ ಅವರಿಗೆ ಬಾಗಿಲು ತೆರೆದದ್ದು ಅವಧಿ ವಿಸ್ತರಣೆಯಲ್ಲಿನ ಲೋಪ.

ವಟಾಲಿ ಹಾದಿ, ನಜೀಬ್ ಹಾದಿ

ಗೊಂದಲದ ಬೇರು ಇಲ್ಲಿದೆ. ಒಂದೇ ಕಲಮನ್ನು ಸುಪ್ರೀಂ ಕೋರ್ಟ್‌ನ ಬೇರೆ ಬೇರೆ ಪೀಠಗಳು ಎರಡು ಬಗೆಯಲ್ಲಿ ಓದುತ್ತ ಬಂದಿವೆ.

ಮೊದಲ ಓದು 2019ರ ಏಪ್ರಿಲ್‌ನ ವಟಾಲಿ ತೀರ್ಪಿನದು. ಭಯೋತ್ಪಾದನೆಗೆ ಹಣ ಒದಗಿಸಿದ ಆರೋಪ ಹೊತ್ತ ಕಾಶ್ಮೀರದ ಉದ್ಯಮಿಯೊಬ್ಬರಿಗೆ ದೆಹಲಿ ಹೈಕೋರ್ಟ್ ನೀಡಿದ್ದ ಜಾಮೀನನ್ನು ರದ್ದುಪಡಿಸುತ್ತ, ಜಾಮೀನಿನ ಹಂತದಲ್ಲಿ ಸಾಕ್ಷ್ಯವನ್ನು ತೂಗಿ ನೋಡುವ ಹಾಗಿಲ್ಲ, ಪ್ರಾಸಿಕ್ಯೂಷನ್ ಇಟ್ಟ ಸಾಮಗ್ರಿಯನ್ನು ಇಡಿಯಾಗಿ ಹಾಗೆಯೇ ತೆಗೆದುಕೊಂಡು ನೋಡಬೇಕು ಎಂದು ಪೀಠ ಹೇಳಿತು. ಅಂದಿನಿಂದ ಕೆಳ ನ್ಯಾಯಾಲಯಗಳಿಗೆ ಜಾಮೀನು ನಿರಾಕರಿಸುವುದು ಸುಲಭದ ದಾರಿಯಾಯಿತು. 2024ರ ಫೆಬ್ರುವರಿಯ ಗುರ್ವಿಂದರ್ ಸಿಂಗ್ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜಾಮೀನೇ ನಿಯಮ, ಜೈಲು ಅಪವಾದ ಎಂಬ ಹಳೆಯ ಸೂತ್ರಕ್ಕೆ ಯುಎಪಿಎಯಲ್ಲಿ ಜಾಗವಿಲ್ಲ ಎಂದಿತು.

ಎರಡನೆಯ ಓದು 2021ರ ಫೆಬ್ರುವರಿ 1ರ ನಜೀಬ್ ತೀರ್ಪಿನದು. ಕೇರಳದಲ್ಲಿ 2010ರಲ್ಲಿ ಪ್ರಾಧ್ಯಾಪಕರೊಬ್ಬರ ಕೈ ಕಡಿದ ಭೀಕರ ಪ್ರಕರಣವದು. ಆರೋಪಿ ಐದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿಯಿತ್ತು. ಅದೇ ಪ್ರಕರಣದಲ್ಲಿ ಆಗಲೇ ಶಿಕ್ಷೆಯಾದವರಿಗೆ ಎಂಟು ವರ್ಷ ಮೀರಿದ ಸೆರೆವಾಸ ಆಗಿರಲಿಲ್ಲ. ತ್ರಿಸದಸ್ಯ ಪೀಠದ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಸೂರ್ಯ ಕಾಂತ್ ಅವರು ಹೇಳಿದ್ದರ ಸಾರವಿಷ್ಟು: 43ಡಿ(5) ಎಷ್ಟೇ ಕಠಿಣವಾಗಿರಲಿ, ಅದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಗಿಂತ ದೊಡ್ಡದಲ್ಲ, ಸಕಾಲದಲ್ಲಿ ವಿಚಾರಣೆ ಮುಗಿಯುವ ಸಾಧ್ಯತೆಯೇ ಇಲ್ಲದಿದ್ದಾಗ ಆ ಕಾಠಿಣ್ಯ ಕರಗಬೇಕು. ಇಲ್ಲಿ ಗಮನಿಸಬೇಕಾದದ್ದು, ಆರೋಪ ಸುಳ್ಳೆಂದು ಪೀಠ ಹೇಳಲಿಲ್ಲ. ಆರೋಪ ಗಂಭೀರವೇ, ಆದರೆ ವಿಚಾರಣೆ ಮುಗಿಸಲು ಸರ್ಕಾರಕ್ಕೆ ಆಗದಿದ್ದರೆ ಅದರ ಫಲವನ್ನು ಆರೋಪಿಯೊಬ್ಬನೇ ಉಣ್ಣಬೇಕಿಲ್ಲ ಎಂದಿತು.

ನಂತರದ ವರ್ಷಗಳು ಈ ಎರಡರ ನಡುವಿನ ಹಗ್ಗಜಗ್ಗಾಟ. 2023ರ ಜುಲೈನಲ್ಲಿ ವರ್ನನ್ ಗೊನ್ಸಾಲ್ವಿಸ್ ಪ್ರಕರಣದ ಪೀಠ, ಬೇರೊಬ್ಬರ ಬಳಿ ಸಿಕ್ಕ ಪತ್ರಗಳನ್ನೇ ಆಧಾರವಾಗಿಟ್ಟಾಗ ಆ ಸಾಕ್ಷ್ಯದ ಬೆಲೆಯನ್ನು ಮೇಲುಮೇಲಾಗಿಯಾದರೂ ನೋಡಲೇಬೇಕು ಎಂದು ವಟಾಲಿಯ ಬಿಗಿಯನ್ನು ಸಡಿಲಿಸಿತು. 2024ರ ಜುಲೈನ ಜಾವೇದ್ ಗುಲಾಂ ನಬಿ ಶೇಖ್ ತೀರ್ಪು, ನಾಲ್ಕು ವರ್ಷ ಕಳೆದರೂ ದೋಷಾರೋಪವನ್ನೇ ಹೊರಿಸದ ಖೋಟಾ ನೋಟಿನ ಪ್ರಕರಣದಲ್ಲಿ, ತ್ವರಿತ ವಿಚಾರಣೆ ಕೊಡಲಾಗದ ಪ್ರಾಸಿಕ್ಯೂಷನ್ ಅಪರಾಧ ಗಂಭೀರ ಎಂಬ ಕಾರಣ ನೀಡಿ ಜಾಮೀನನ್ನು ವಿರೋಧಿಸಬಾರದು ಎಂದಿತು. ಅದೇ ವರ್ಷದ ಆಗಸ್ಟ್‌ನ ಜಲಾಲುದ್ದೀನ್ ಖಾನ್ ತೀರ್ಪು ಜಾಮೀನೇ ನಿಯಮ ಎಂಬ ಸೂತ್ರ ವಿಶೇಷ ಕಾಯ್ದೆಗಳಿಗೂ ಅನ್ವಯಿಸುತ್ತದೆ ಎಂದಿತು. ಗುರ್ವಿಂದರ್ ಸಿಂಗ್ ತೀರ್ಪು ಬಂದು ಆರೇ ತಿಂಗಳಿಗೆ ಅದೇ ನ್ಯಾಯಾಲಯದಿಂದ ಬಂದ ವಿರುದ್ಧ ದಿಕ್ಕಿನ ಮಾತಿದು. ನ್ಯಾಯಾಂಗದ ಶಿಸ್ತಿನ ಪ್ರಕಾರ ಮೂವರ ಪೀಠದ ನಜೀಬ್ ತೀರ್ಪು ಇಬ್ಬರ ಪೀಠಗಳನ್ನು ಕಟ್ಟಿಹಾಕಬೇಕು. ಆದರೆ ಆ ಪ್ರಕರಣದ ವಾಸ್ತವಾಂಶಗಳೇ ಬೇರೆ ಎಂದು ಹೇಳಿ ಅದನ್ನು ಬದಿಗಿಡುವ ದಾರಿ ಸದಾ ತೆರೆದಿರುತ್ತದೆ.

2026ರ ಜನವರಿಯ ತೀರ್ಪನ್ನು ಈ ಹಿನ್ನೆಲೆಯಲ್ಲಿ ಓದಿದರೆ ಅದರ ತರ್ಕ ತಿಳಿಯಾಗುತ್ತದೆ. ವಿಳಂಬವೊಂದೇ ಜಾಮೀನಿಗೆ ಸಾಕಾಗುವ ಕಾರಣವಲ್ಲ, ಅದು ನ್ಯಾಯಾಲಯ ಇನ್ನಷ್ಟು ಎಚ್ಚರದಿಂದ ಪರಿಶೀಲಿಸಲು ಕಾರಣ ಮಾತ್ರ ಎಂದು ಪೀಠ ಹೇಳಿತು. ಬಳಿಕ ಆರೋಪಿಗಳನ್ನು ಪಾತ್ರದ ಮೇಲೆ ವಿಂಗಡಿಸಿತು: ಸಂಚು ಹೂಡಿದವರೆಂದು ಪ್ರಾಸಿಕ್ಯೂಷನ್ ಹೇಳುವವರು ಒಂದು ಕಡೆ, ಸ್ಥಳದಲ್ಲಿ ಅದನ್ನು ನಡೆಸಿಕೊಟ್ಟರೆನ್ನಲಾದವರು ಇನ್ನೊಂದು ಕಡೆ. ಮೊದಲ ಗುಂಪಿನ ಆ ಇಬ್ಬರೂ, ಗುರುತು ಗೌಪ್ಯವಾಗಿಟ್ಟ ಸಂರಕ್ಷಿತ ಸಾಕ್ಷಿಗಳ ವಿಚಾರಣೆ ಮುಗಿದ ಮೇಲೆ ಅಥವಾ ಒಂದು ವರ್ಷದ ಬಳಿಕ ಮತ್ತೆ ಅರ್ಜಿ ಹಾಕಬಹುದು ಎಂದಿತು. ಬಾಂಬು, ಬಂದೂಕಿನ ಹೊರತಾಗಿ 'ಬೇರೆ ಯಾವುದೇ ವಿಧಾನ'ದಿಂದ ನಡೆಸಿದ ಕೃತ್ಯವೂ 15ನೇ ಕಲಮಿನ ಭಯೋತ್ಪಾದನಾ ಕೃತ್ಯವಾಗಬಹುದು ಎಂಬ ವಿಸ್ತಾರವಾದ ಅರ್ಥವನ್ನೂ ಅದು ಒಪ್ಪಿತು. ಪಾತ್ರದ ಪ್ರಕಾರ ವಿಂಗಡಿಸುವುದು ತರ್ಕಬದ್ಧವೇ. ತೊಡಕೆಂದರೆ, ಯಾರ ಪಾತ್ರ ದೊಡ್ಡದು ಎಂಬುದು ಕೂಡ ಈ ಹಂತದಲ್ಲಿ ಪೊಲೀಸ್ ಕಡತ ಹೇಳಿದ್ದೇ. ಅದನ್ನು ಪರೀಕ್ಷಿಸುವ ವಿಚಾರಣೆಯೇ ಶುರುವಾಗಿರಲಿಲ್ಲ.

ಸರ್ಕಾರದ ವಾದದಲ್ಲಿರುವ ಹುರುಳು

ಕಠಿಣ ಜಾಮೀನು ನಿಯಮವನ್ನು ಬೆಂಬಲಿಸುವವರ ವಾದವನ್ನು ಹಗುರವಾಗಿ ಕಾಣುವಂತಿಲ್ಲ, ಅದರಲ್ಲೂ ಕರ್ನಾಟಕದಲ್ಲಿ. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೊವೊಂದರಲ್ಲಿ ಕುಕ್ಕರ್ ಬಾಂಬ್ ಸ್ಫೋಟಿಸಿತು. ಅದನ್ನು ಒಯ್ಯುತ್ತಿದ್ದ ಆರೋಪಿ ಅದಕ್ಕೂ ಎರಡು ವರ್ಷ ಮೊದಲು ಅದೇ ನಗರದಲ್ಲಿ ಭಯೋತ್ಪಾದಕ ಸಂಘಟನೆಯ ಪರವಾಗಿ ಗೋಡೆಬರಹ ಬರೆದ ಪ್ರಕರಣದಲ್ಲಿ ಬಂಧಿತನಾಗಿ, ಜಾಮೀನು ಪಡೆದು ಹೊರಬಂದಿದ್ದವನು. 2024ರ ಮಾರ್ಚ್ 1ರ ಬೆಂಗಳೂರಿನ ರಾಮೇಶ್ವರಂ ಕೆಫೆ ಸ್ಫೋಟದ ಮುಖ್ಯ ಆರೋಪಿಗಳು ಎನ್‌ಐಎ ಪ್ರಕಾರ 2020ರಿಂದಲೇ ತಲೆಮರೆಸಿಕೊಂಡಿದ್ದವರು. ಓಡಿಹೋಗುವ, ಮತ್ತೆ ಎಸಗುವ ಅಪಾಯ ಕಾಲ್ಪನಿಕವಲ್ಲ. ಗುಪ್ತವಾಗಿ ನಡೆಯುವ ಸಂಚಿಗೆ ಪ್ರತ್ಯಕ್ಷ ಸಾಕ್ಷಿಗಳು ಅಪರೂಪ, ಇದ್ದವರು ಹೆದರಿರುತ್ತಾರೆ, ಹಣದ ಜಾಡು, ಫೋನಿನ ಜಾಡು ವಿದೇಶಗಳವರೆಗೆ ಹೋಗಿರುತ್ತದೆ. ಒಂದೊಂದೇ ಆರೋಪಿ ಒಂದೊಂದು ತಕರಾರು ಅರ್ಜಿ ಹಾಕಿ ವಿಚಾರಣೆಯನ್ನು ಎಳೆಯುವುದೂ ಉಂಟು ಎಂಬ ಪ್ರಾಸಿಕ್ಯೂಷನ್ ದೂರಿನಲ್ಲೂ ಸತ್ಯವಿದೆ.

ಆದರೆ ಮಂಗಳೂರಿನ ಉದಾಹರಣೆಯನ್ನೇ ಇನ್ನಷ್ಟು ಹತ್ತಿರದಿಂದ ನೋಡಿದರೆ ಅದು 43ಡಿ(5)ರ ಪರವಾಗಿ ನಿಲ್ಲುವುದಿಲ್ಲ. ಗೋಡೆಬರಹದ ಕಡತದಲ್ಲಿ ಆಗ ಇದ್ದದ್ದು ಗೋಡೆಬರಹವಷ್ಟೇ. ಅಲ್ಲಿ ಬೇಕಾಗಿದ್ದದ್ದು ಆರೋಪ ನಿಜವೇ ಎಂಬ ಪ್ರಶ್ನೆಗಿಂತ ಹೆಚ್ಚಾಗಿ ಈ ವ್ಯಕ್ತಿ ಎತ್ತ ಸಾಗುತ್ತಿದ್ದಾನೆ ಎಂಬ ಪ್ರಶ್ನೆ, ಮತ್ತು ಜಾಮೀನಿನ ನಂತರ ಅವನ ಮೇಲೆ ಇಡಬೇಕಾದ ಕಣ್ಣು. ಅಪಾಯವನ್ನು ಅಳೆಯುವ ಕೆಲಸ ಬೇರೆ, ಕಡತವನ್ನು ಓದುವ ಕೆಲಸ ಬೇರೆ. ಇರುವ ಕಾಯ್ದೆ ಎರಡನೆಯದನ್ನು ಮಾಡಿ ಮೊದಲನೆಯದನ್ನು ಮಾಡಿದೆನೆಂದು ಭಾವಿಸುತ್ತದೆ.

ವಿಳಂಬದ ಬೆಲೆ ತೆರುವವರು ಇಬ್ಬರು

ಜಾಮೀನು ಕಠಿಣವಾಗಿದ್ದು ವಿಚಾರಣೆ ಎರಡು ವರ್ಷದಲ್ಲಿ ಮುಗಿಯುವಂತಿದ್ದರೆ ಈ ಚರ್ಚೆಗೆ ಇಷ್ಟು ಕಾವು ಇರುತ್ತಿರಲಿಲ್ಲ. ಕಠಿಣ ಜಾಮೀನಿಗೆ ನಿಧಾನದ ವಿಚಾರಣೆ ಸೇರಿದಾಗಲೇ ಜಾಮೀನಿನ ಆದೇಶ ತೀರ್ಪಿನ ಜಾಗಕ್ಕೆ ಬಂದು ಕೂರುತ್ತದೆ. 2008ರ ಹುಬ್ಬಳ್ಳಿ ಸಂಚಿನ ಪ್ರಕರಣದ 17 ಆರೋಪಿಗಳನ್ನು ಅಲ್ಲಿನ ನ್ಯಾಯಾಲಯ 2015ರಲ್ಲಿ ಖುಲಾಸೆಗೊಳಿಸಿತು. ಗುಜರಾತಿನ ಅಕ್ಷರಧಾಮ ದಾಳಿಯ ಪ್ರಕರಣದಲ್ಲಿ ಮರಣದಂಡನೆಯೂ ಸೇರಿದಂತೆ ಶಿಕ್ಷೆಗೆ ಗುರಿಯಾಗಿದ್ದ ಆರು ಮಂದಿಯನ್ನು ಸುಪ್ರೀಂ ಕೋರ್ಟ್ 2014ರ ಮೇ 16ರಂದು, ಇಡೀ ದೇಶ ಲೋಕಸಭಾ ಚುನಾವಣೆಯ ಫಲಿತಾಂಶ ನೋಡುತ್ತಿದ್ದ ದಿನ, ತನಿಖೆಯನ್ನು ಕಟುವಾಗಿ ಟೀಕಿಸಿ ಬಿಡುಗಡೆ ಮಾಡಿತು. ಕೇರಳದ ರಾಜಕಾರಣಿ ಅಬ್ದುಲ್ ನಾಸಿರ್ ಮದನಿ ಕೊಯಮತ್ತೂರು ಸ್ಫೋಟದ ಪ್ರಕರಣದಲ್ಲಿ ಒಂಬತ್ತು ವರ್ಷ ಜೈಲಿನಲ್ಲಿದ್ದು 2007ರಲ್ಲಿ ಖುಲಾಸೆಯಾದರು. 2008ರ ಬೆಂಗಳೂರು ಸರಣಿ ಸ್ಫೋಟದ ಪ್ರಕರಣದಲ್ಲಿ 2010ರಲ್ಲಿ ಮತ್ತೆ ಬಂಧಿತರಾಗಿ 2014ರಲ್ಲಿ ಜಾಮೀನು ಪಡೆದರು. ಊರಿಗೆ ಹೋಗಿ ಇರಲು ಅನುಮತಿ ಸಿಕ್ಕಿದ್ದು 2023ರಲ್ಲಿ. ಅವರು ಈ ಎರಡನೆಯ ಪ್ರಕರಣದಲ್ಲಿ ತಪ್ಪಿತಸ್ಥರೋ ಅಲ್ಲವೋ ಎಂಬುದು ಬೇರೆ ಮಾತು. ಅದನ್ನು ತೀರ್ಮಾನಿಸಲು ಒಂದೂವರೆ ದಶಕವೂ ಸಾಲದು ಎಂಬುದೇ ಇಲ್ಲಿಯ ಮಾತು.

ಬೆಲೆ ತೆರುವ ಇನ್ನೊಬ್ಬರು ದಾಳಿಗೆ ಸಿಕ್ಕವರು. ಮುಂಬೈ ರೈಲುಗಳಲ್ಲಿ 2006ರಲ್ಲಿ 180ಕ್ಕೂ ಹೆಚ್ಚು ಜನರನ್ನು ಕೊಂದ ಸ್ಫೋಟಗಳ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಎಲ್ಲ 12 ಮಂದಿಯನ್ನು ಬಾಂಬೆ ಹೈಕೋರ್ಟ್ 2025ರ ಜುಲೈ 21ರಂದು ಖುಲಾಸೆಗೊಳಿಸಿತು. ಈ ತೀರ್ಪನ್ನು ಬೇರೆ ಪ್ರಕರಣಗಳಲ್ಲಿ ಪೂರ್ವನಿದರ್ಶನವಾಗಿ ಬಳಸಬಾರದೆಂದು ಸುಪ್ರೀಂ ಕೋರ್ಟ್ ಕೆಲವೇ ದಿನಗಳಲ್ಲಿ ತಡೆ ನೀಡಿದರೂ, ಬಿಡುಗಡೆಯಾದವರನ್ನು ಮತ್ತೆ ಜೈಲಿಗೆ ಕಳುಹಿಸಲಿಲ್ಲ. ಅದೇ ತಿಂಗಳ 31ರಂದು, 2008ರ ಮಾಲೆಗಾಂವ್ ಸ್ಫೋಟದ ಆರೋಪಿಗಳೂ ವಿಶೇಷ ನ್ಯಾಯಾಲಯದಲ್ಲಿ ಖುಲಾಸೆಯಾದರು. ಒಂದು ಪ್ರಕರಣದ ಆರೋಪಿಗಳು ಮುಸ್ಲಿಮರು, ಇನ್ನೊಂದರ ಆರೋಪಿಗಳು ಹಿಂದೂಗಳು. ಒಂದು ಖುಲಾಸೆಗೆ ಸಂಭ್ರಮಿಸಿದವರು ಮತ್ತೊಂದಕ್ಕೆ ಸಿಡಿಮಿಡಿಗೊಂಡರು. ಎರಡೂ ಕಡೆ ಸತ್ತವರ ಮನೆಯವರಿಗೆ ಉಳಿದದ್ದು ಮಾತ್ರ ಒಂದೇ: ಬಾಂಬಿಟ್ಟವರು ಯಾರೆಂದು 17, 19 ವರ್ಷಗಳ ಬಳಿಕವೂ ಗೊತ್ತಿಲ್ಲ. ತಪ್ಪು ವ್ಯಕ್ತಿಯನ್ನು ಬಹುಕಾಲ ಒಳಗಿಟ್ಟರೆ ಸರಿಯಾದ ವ್ಯಕ್ತಿಯ ಹುಡುಕಾಟ ನಿಂತುಹೋಗಿರುತ್ತದೆ. ಆರೋಪಿಯ ಹಕ್ಕನ್ನು ಕಾಯುವುದು ಮತ್ತು ಜನರ ಪ್ರಾಣವನ್ನು ಕಾಯುವುದು ಒಂದಕ್ಕೊಂದು ವಿರುದ್ಧ ಎಂಬ ಎಣಿಕೆ ಇಲ್ಲಿ ತಪ್ಪುತ್ತದೆ.

ಅಂಕಿಗಳನ್ನು ಹೇಗೆ ಓದಬೇಕು

ಈ ಚರ್ಚೆಯಲ್ಲಿ ಎರಡು ಅಂಕಿಗಳು ಪದೇ ಪದೇ ಬರುತ್ತವೆ. ಕೇಂದ್ರ ಗೃಹ ಸಚಿವಾಲಯ 2021ರಲ್ಲಿ ರಾಜ್ಯಸಭೆಗೆ ಕೊಟ್ಟ ಉತ್ತರದ ಪ್ರಕಾರ 2016ರಿಂದ 2019ರವರೆಗೆ ಯುಎಪಿಎಯಡಿ 5,922 ಮಂದಿ ಬಂಧಿತರಾದರು, 132 ಮಂದಿಗೆ ಶಿಕ್ಷೆಯಾಯಿತು. ಇದನ್ನು ಎರಡು ಪ್ರತಿಶತ ಎಂದು ಲೆಕ್ಕ ಹಾಕಿ ಉಳಿದವರೆಲ್ಲ ನಿರಪರಾಧಿಗಳೆಂದು ಹೇಳುವುದು ಸರಿಯಲ್ಲ, ಏಕೆಂದರೆ ಬಂಧಿತರಲ್ಲಿ ಬಹುಪಾಲು ಮಂದಿಯ ಪ್ರಕರಣ ಆ ಅವಧಿಯಲ್ಲಿ ಮುಗಿದೇ ಇರಲಿಲ್ಲ. ಸರ್ಕಾರ ಹೇಳುವ ಎನ್‌ಐಎಯ ಶೇ 90ಕ್ಕೂ ಮೀರಿದ ಶಿಕ್ಷೆಯ ಪ್ರಮಾಣವೂ ಪೂರ್ಣ ಚಿತ್ರವಲ್ಲ. ಅದು ತೀರ್ಪು ಬಂದ ಪ್ರಕರಣಗಳ ಲೆಕ್ಕ ಮಾತ್ರ, ತಪ್ಪೊಪ್ಪಿಕೊಂಡವರೂ ಅದರಲ್ಲಿದ್ದಾರೆ. ವಿಚಾರಣೆಗೆ ಕಾದರೆ ಹತ್ತು ವರ್ಷ, ತಪ್ಪೊಪ್ಪಿಕೊಂಡರೆ ಏಳೆಂಟು ವರ್ಷ ಎಂಬ ಸ್ಥಿತಿಯಲ್ಲಿ ಒಪ್ಪಿಗೆಯೂ ಒಂದು ಲೆಕ್ಕಾಚಾರವಾಗಿಬಿಡುತ್ತದೆ. ಎರಡು ಅಂಕಿಗಳೂ ಹೇಳದೆ ಬಿಟ್ಟದ್ದು ನಡುವೆ ಕಾಯುತ್ತಿರುವವರನ್ನು.

ಅರ್ಧ ಶಿಕ್ಷೆಯಷ್ಟು ಅವಧಿ ಕಳೆದ ವಿಚಾರಣಾಧೀನ ಕೈದಿಗಳನ್ನು ಬಿಡಬೇಕೆಂಬ ನಿಯಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಲ್ಲಿದೆಯಲ್ಲ ಎಂದು ಕೇಳಬಹುದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೆ ಅದು ಅನ್ವಯಿಸುವುದಿಲ್ಲ. ಯುಎಪಿಎಯ ಸಂಚಿನ ಕಲಮಿಗೆ ಗರಿಷ್ಠ ಶಿಕ್ಷೆ ಜೀವಾವಧಿ. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಹೊರಗಿನ ಮಾನದಂಡ

ಅಮೆರಿಕದ ಮೇಲಿನ ದಾಳಿಯ ನಂತರ 2001ರ ಸೆಪ್ಟೆಂಬರ್ 28ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 1373ನೇ ನಿರ್ಣಯ ಎಲ್ಲ ದೇಶಗಳಿಗೂ ಭಯೋತ್ಪಾದನೆ ವಿರುದ್ಧ ಕಾನೂನು ಮಾಡಲು ಹೇಳಿತು. ಆ ಕಾನೂನುಗಳು ಮಾನವ ಹಕ್ಕುಗಳ ಕಟ್ಟುಪಾಡಿಗೆ ಒಳಪಟ್ಟಿರಬೇಕೆಂದು ಮಂಡಳಿ ಸ್ಪಷ್ಟಪಡಿಸಿದ್ದು 2003ರ 1456ನೇ ನಿರ್ಣಯದಲ್ಲಿ. ಭಾರತ 1979ರಲ್ಲೇ ಸೇರಿಕೊಂಡ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ, ಬಂಧಿತನನ್ನು ನ್ಯಾಯೋಚಿತ ಅವಧಿಯೊಳಗೆ ವಿಚಾರಣೆಗೆ ಒಳಪಡಿಸಿ, ಇಲ್ಲವೇ ಬಿಡಿ ಎನ್ನುತ್ತದೆ. ಬ್ರಿಟನ್‌ನಲ್ಲಿ ಭಯೋತ್ಪಾದನೆಯ ಶಂಕಿತನನ್ನು ಆರೋಪ ಹೊರಿಸದೆ ಇರಿಸಿಕೊಳ್ಳಬಹುದಾದ ಗರಿಷ್ಠ ಅವಧಿ 14 ದಿನ; 2005ರಲ್ಲಿ ಟೋನಿ ಬ್ಲೇರ್ ಸರ್ಕಾರ ಅದನ್ನು 90 ದಿನಕ್ಕೆ ಏರಿಸಲು ಹೋಗಿ ಸಂಸತ್ತಿನಲ್ಲಿ ಸೋತಿತ್ತು. ಎರಡು ದೇಶಗಳ ಪದ್ಧತಿ ಬೇರೆಯಾದ್ದರಿಂದ 14 ಮತ್ತು 180ನ್ನು ನೇರವಾಗಿ ಹೋಲಿಸಲಾಗದು. ವಿಳಂಬದ ಮಾತು ಮಾನವ ಹಕ್ಕುಗಳ ಸಂಘಟನೆಗಳದ್ದು ಮಾತ್ರ ಎಂದುಕೊಳ್ಳುವವರು ಇದನ್ನಾದರೂ ಗಮನಿಸಬೇಕು: ಅಕ್ರಮ ಹಣ ಮತ್ತು ಭಯೋತ್ಪಾದನೆಗೆ ಹಣ ಹರಿಯುವುದನ್ನು ತಡೆಯುವುದೇ ಕೆಲಸವಾಗಿರುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ ಕೂಡ 2024ರ ತನ್ನ ಮೌಲ್ಯಮಾಪನದಲ್ಲಿ, ಭಾರತದಲ್ಲಿ ಇಂಥ ಮೊಕದ್ದಮೆಗಳು ಮುಗಿಯುವುದು ತಡವಾಗುತ್ತಿದೆ ಎಂದು ಎತ್ತಿ ತೋರಿಸಿದೆ.

ಮುಂದೆ ಏನಾಗಬಹುದು

ಕಾಯ್ದೆಯನ್ನು ಸಂಸತ್ತು ಸದ್ಯಕ್ಕೆ ಸಡಿಲಿಸುವ ಲಕ್ಷಣವಿಲ್ಲ. ಬದಲಾವಣೆ ಬರುವುದಿದ್ದರೆ ಮೂರು ಕಡೆಯಿಂದ ಬರಬಹುದು. ಒಂದು, ವಟಾಲಿ ಮತ್ತು ನಜೀಬ್ ತೀರ್ಪುಗಳನ್ನು ಎದುರುಬದುರು ಇಟ್ಟು ದೊಡ್ಡ ಪೀಠವೊಂದು ತೀರ್ಮಾನಿಸುವುದು. ಅಲ್ಲಿಯವರೆಗೆ ಅರ್ಜಿಯ ಹಣೆಬರಹ ಅದು ಯಾವ ಪೀಠದ ಮುಂದೆ ಬಂತು ಎಂಬುದರ ಮೇಲೆಯೇ ಬಹುಮಟ್ಟಿಗೆ ನಿಂತಿರುತ್ತದೆ. ಎರಡು, ವಿಶೇಷ ನ್ಯಾಯಾಲಯಗಳು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಇರುವ ನ್ಯಾಯಾಲಯಕ್ಕೇ ವಿಶೇಷ ಎಂಬ ಹೆಸರಿಟ್ಟರೆ ಸಾಲದು, ಹೊಸ ನ್ಯಾಯಾಲಯಗಳನ್ನೇ ಸ್ಥಾಪಿಸಬೇಕು, ಇಲ್ಲದಿದ್ದರೆ ಆರೋಪಿಗಳಿಗೆ ಜಾಮೀನು ಕೊಡದೆ ಗತ್ಯಂತರವಿರುವುದಿಲ್ಲ ಎಂದು ಎಚ್ಚರಿಸಿತು. ಈ ಎಚ್ಚರಿಕೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಕಠಿಣ ಜಾಮೀನು ಬೇಕೆನ್ನುವ ಸರ್ಕಾರ ಅದಕ್ಕೆ ಪ್ರತಿಯಾಗಿ ವೇಗವಾದ ವಿಚಾರಣೆಯನ್ನು ಕೊಡಬೇಕು. ನ್ಯಾಯಾಧೀಶರು, ಪ್ರಾಸಿಕ್ಯೂಟರುಗಳು, ವಿಧಿವಿಜ್ಞಾನ ಪ್ರಯೋಗಾಲಯಗಳು ಇವೆಲ್ಲಕ್ಕೂ ಹಣ ಹೊಂದಿಸಬೇಕು. ಈಗ ಆ ಖರ್ಚನ್ನು ವಿಚಾರಣಾಧೀನ ಕೈದಿಯ ವರ್ಷಗಳಲ್ಲಿ ವಸೂಲು ಮಾಡಲಾಗುತ್ತಿದೆ.

ಮೂರನೆಯದು ಹೆಚ್ಚು ಚರ್ಚೆಯಾಗದ, ಆದರೆ ಬಹಳ ದೂರ ಹೋಗಬಹುದಾದ ಸಂಗತಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 113ನೇ ಕಲಮು ಭಯೋತ್ಪಾದನಾ ಕೃತ್ಯವನ್ನು ಸಾಮಾನ್ಯ ದಂಡ ಕಾನೂನಿಗೂ ಸೇರಿಸಿದೆ. ಅದರ ವ್ಯಾಖ್ಯೆ ಬಹುಪಾಲು ಯುಎಪಿಎಯದ್ದೇ. ಆದರೆ 43ಡಿ(5)ರಂಥ ಜಾಮೀನಿನ ತಡೆ ಅದಕ್ಕಿಲ್ಲ. ಅಭಿಯೋಜನೆಗೆ ಅನುಮತಿ ಕೊಡುವ ಮುನ್ನ ಸ್ವತಂತ್ರ ಪ್ರಾಧಿಕಾರವೊಂದು ಸಾಕ್ಷ್ಯವನ್ನು ಪರಿಶೀಲಿಸಬೇಕೆಂಬ ಯುಎಪಿಎಯ ರಕ್ಷಣೆಯೂ ಅದಕ್ಕಿಲ್ಲ. ಒಂದೇ ಕೃತ್ಯಕ್ಕೆ ಯಾವ ಕಾಯ್ದೆ ಹಚ್ಚಬೇಕೆಂದು ತೀರ್ಮಾನಿಸುವುದು ಪೊಲೀಸ್ ವರಿಷ್ಠಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಯಾವ ಆಧಾರದ ಮೇಲೆ ಆ ಆಯ್ಕೆ ಮಾಡಬೇಕೆಂದು ಕಲಮು ಹೇಳುವುದಿಲ್ಲ, ಕಾರಣಗಳನ್ನು ಬರೆದಿಡಬೇಕೆಂದೂ ಹೇಳುವುದಿಲ್ಲ. ಹಾಗಾಗಿ ಮುಂದಿನ ದಿನಗಳಲ್ಲಿ ಒಬ್ಬ ಆರೋಪಿಯ ಜಾಮೀನಿನ ಹಾದಿ ಎಷ್ಟು ಉದ್ದವಾಗಿರುತ್ತದೆ ಎಂಬುದು, ಅರ್ಜಿ ನ್ಯಾಯಾಧೀಶರ ಮೇಜಿಗೆ ಬರುವುದಕ್ಕೂ ಬಹಳ ಮೊದಲು, ಎಫ್‌ಐಆರ್ ದಾಖಲಾದ ಸಂಜೆಯೇ ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ನಿರ್ಧಾರವಾಗಿಬಿಡಬಹುದು.